ಗಿಟಾರಿನ ಪಿಕಪ್ ಬದಲಿಸಿದ್ದು: ಮೊದಲು ಮೀಟರ್, ಆಮೇಲೆ ಖರೀದಿ

ಎಲೆಕ್ಟ್ರಿಕ್ ಗಿಟಾರಿನ ಸದ್ದು ಸರಿಯಿಲ್ಲ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ಪಿಕಪ್ (ತಂತಿಗಳ ಕೆಳಗೆ ಕೂತು ಸದ್ದು ಹಿಡಿಯುವ ಭಾಗ) ಬದಲಾಯಿಸು. ನಾನೂ ಬದಲಾಯಿಸಿದೆ. ಆದರೆ ಅದಕ್ಕೆ ಮೊದಲು ಮಲ್ಟಿಮೀಟರ್ ಹಿಡಿದು ಕೂತಿದ್ದೆ. ಹಾಗಾಗಿ ಅರ್ಧ ತೊಂದರೆ ಪಿಕಪ್ಪಿನದೇ ಅಲ್ಲ ಅಂತ ದುಡ್ಡು ಕೊಡುವ ಮೊದಲೇ ಗೊತ್ತಾಯಿತು.

ನನ್ನದು ಸ್ಟ್ರಾಟೋಕ್ಯಾಸ್ಟರ್ ಆಕಾರದ ಅಗ್ಗದ ಗಿಟಾರ್. ಮೂರು ಸಿಂಗಲ್ ಕಾಯಿಲ್ ಪಿಕಪ್, ಐದು ಸ್ಥಾನದ ಸ್ವಿಚ್. ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ನಮಗೆ ಸೀಸನ್. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಟಿ. ನರಸೀಪುರ ಅಂತ ಸುತ್ತುತ್ತಿರುತ್ತೇವೆ. ಪೆಂಡಾಲ್ ಅಂದರೆ ಗೊತ್ತಲ್ಲ: ತಲೆ ಮೇಲೆ ಸೀರಿಯಲ್ ಸೆಟ್, ಸುತ್ತ ಟ್ಯೂಬ್‌ಲೈಟ್, ಹಿಂದೆ ಜನರೇಟರ್. ಹಾಡಿನ ಮಧ್ಯೆ ಎಲ್ಲರೂ ನಿಲ್ಲಿಸಿದಾಗ ನನ್ನ ಆಂಪ್ ಮಾತ್ರ ಗುಂಯ್‌ಗುಡುತ್ತಿತ್ತು. "ಏನ್ ಗುರು, ಒಳಗೆ ಜೇನು ಸಾಕಿದ್ದೀಯಾ?" ಅಂತ ಕೀಬೋರ್ಡ್‌ನವನು ಮೈಕಿನಲ್ಲೇ ಕೇಳಿದ್ದ. ಇದು ಒಂದು ದೂರು. ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಭಾಗ) ಪಕ್ಕದ ಪಿಕಪ್ಪಿನ ಸದ್ದು ಕಿವಿಗೆ ಚುಚ್ಚುತ್ತಿತ್ತು, ಕೀಬೋರ್ಡ್ ಜೊತೆ ಸೇರಿದರೆ ತೆಳ್ಳಗಾಗಿ ಎಲ್ಲೋ ಹೋಗಿಬಿಡುತ್ತಿತ್ತು. ಇದು ಎರಡನೆಯದು. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಎರಡರ ಕಾರಣವೂ ಬೇರೆ.

ಪಿಕಪ್ ಅಂದರೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಸ್ಟ್ರಾಟ್ ಮಾದರಿಯಲ್ಲಿ ಸುಮಾರು 8,000 ಸುತ್ತು ಇರುತ್ತದೆ. ಗಿಟಾರಿನ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಕ್ಷೇತ್ರವೂ ಅಲುಗುತ್ತದೆ, ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ತೊಂದರೆ ಏನೆಂದರೆ, ಇದೇ ಕಾಯಿಲ್ ಸುತ್ತಲಿನ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಇದಕ್ಕೆ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಒಳ್ಳೆಯ ಉಪಾಯ. ಅಕ್ಕಪಕ್ಕ ಎರಡು ಕಾಯಿಲ್ ಇಟ್ಟು, ಒಂದರ ಅಯಸ್ಕಾಂತವನ್ನೂ ಜೋಡಣೆಯ ದಿಕ್ಕನ್ನೂ ತಿರುಗುಮುರುಗು ಮಾಡುವುದು. ಹೊರಗಿನ ಹಮ್, ಅಂದರೆ ಈ ಗುಂಯ್ ಸದ್ದು, ಒಂದನ್ನೊಂದು ಕೊಂದುಕೊಳ್ಳುತ್ತದೆ. ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ.

ಚುಚ್ಚುವ ಸದ್ದಿನ ಕಾರಣ ಪಿಕ್‌ಗಾರ್ಡ್ (ಪಿಕಪ್, ನಾಬ್ ಕೂರಿಸಿರುವ ಮುಂದಿನ ಪ್ಲಾಸ್ಟಿಕ್ ಹಲಗೆ) ಬಿಚ್ಚಿದ ತಕ್ಷಣ ಸಿಕ್ಕಿತು. ವಾಲ್ಯೂಮ್, ಟೋನ್ ಪಾಟ್‌ಗಳ (ನಾಬ್ ತಿರುಗಿಸಿದಾಗ ರೆಸಿಸ್ಟೆನ್ಸ್ ಬದಲಿಸುವ ಭಾಗ) ಬೆನ್ನ ಮೇಲೆ ಬಿ500ಕೆ ಅಂತ ಅಚ್ಚಾಗಿತ್ತು, ಅಂದರೆ 500 ಕಿಲೋಓಮ್. ಸಿಂಗಲ್ ಕಾಯಿಲ್‌ಗೆ ರೂಢಿಯಲ್ಲಿ ಹಾಕುವುದು 250ಕೆ, ಹಂಬಕರ್‌ಗೆ 500ಕೆ. ಪಾಟ್‌ನ ಓಮ್ ಜಾಸ್ತಿಯಾದಷ್ಟೂ ಮೇಲಿನ ಸ್ವರಗಳು ಸೋರಿಹೋಗುವುದು ಕಡಿಮೆ. ಮೊದಲೇ ಚೂಪಾಗಿರುವ ಸಿಂಗಲ್ ಕಾಯಿಲ್‌ಗೆ 500ಕೆ ಹಾಕಿದರೆ ಕಿರುಚದೆ ಇನ್ನೇನು? ಜೊತೆಗೆ ಬಿ ಅಂದರೆ ಲೀನಿಯರ್. ವಾಲ್ಯೂಮ್ ಹತ್ತರಿಂದ ಮೂರರವರೆಗೆ ಇಳಿಸಿದರೂ ಹೆಚ್ಚು ಬದಲಾಗುವುದಿಲ್ಲ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಕಿವಿಗೆ ಹೊಂದುವುದು ಎ, ಅಂದರೆ ಲಾಗ್ ಪಾಟ್.

ಶಿವರಾಂಪೇಟೆ ಕಡೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. "ಎ250ಕೆ ಇದೆಯಾ ಸಾರ್?" ಅಂದೆ. "ಯಾವ ಆಂಪ್ಲಿಫೈಯರ್‌ಗೆ?" ಅಂದರು. "ಗಿಟಾರಿಗೆ." "ಗಿಟಾರಿಗೂ ವಾಲ್ಯೂಮ್ ಇರುತ್ತಾ?" ಅಂತ ನಕ್ಕು ಡಬ್ಬಿ ಹುಡುಕಿದರು. ಇಂಥ ಅಂಗಡಿಗೆ ಹೋಗುವಾಗ ಹಳೆ ಪಾಟ್ ಜೇಬಿನಲ್ಲಿರಲಿ. ಅಗ್ಗದ ಗಿಟಾರಿನ ಪಿಕ್‌ಗಾರ್ಡ್ ತೂತು ಚಿಕ್ಕದು, ಅದಕ್ಕೆ ಸಣ್ಣ ಮೈಯ ಪಾಟ್ ಬೇಕು. ಅಮೆರಿಕದ ಅಳತೆಯ ದೊಡ್ಡ ಪಾಟ್ ತಂದರೆ ತೂತು ದೊಡ್ಡದು ಮಾಡಬೇಕು, ಹಳೆ ನಾಬ್ ಕೂಡ ಕೂರುವುದಿಲ್ಲ. ಟೋನಿಗೆ 473 ಅಂತ ಬರೆದಿರುವ ಪಾಲಿಯೆಸ್ಟರ್ ಕೆಪಾಸಿಟರ್ ತಂದೆ, ಅಂದರೆ 0.047 ಮೈಕ್ರೋಫ್ಯಾರಡ್. ಹಂಬಕರ್ ಇದ್ದರೆ 223 ಸಾಕು. ದುಬಾರಿ 'ವಿಂಟೇಜ್' ಕೆಪಾಸಿಟರ್ ಹಾಕಿದರೆ ಸದ್ದೇ ಬದಲಾಗುತ್ತದೆ ಅನ್ನುವವರಿದ್ದಾರೆ. ಮೈಕ್ರೋಫ್ಯಾರಡ್ ಒಂದೇ ಇದ್ದರೆ ನನ್ನ ಕಿವಿಗಂತೂ ಯಾವ ವ್ಯತ್ಯಾಸವೂ ಕೇಳಿಲ್ಲ.

ಪಾಟ್ ಬದಲಿಸಿದ ಮೇಲೆ ಕಿರುಚಾಟ ಇಳಿಯಿತು. ಒಂದು ಊಟದ ಖರ್ಚಿನಲ್ಲಿ ಆದ ಕೆಲಸ. ಬರೀ ಚೂಪು ಸದ್ದಷ್ಟೇ ನಿಮ್ಮ ದೂರಾಗಿದ್ದರೆ ಇಲ್ಲೇ ನಿಲ್ಲಿಸಬಹುದು.

ಇನ್ನು ಹಮ್. ಅಗ್ರಹಾರದ ನಮ್ಮ ಮನೆ ಹಳೆಯದು. ಅಲ್ಲೂ ಗುಂಯ್ ಇತ್ತು, ಆದರೆ ಪೆಂಡಾಲಿನ ಗುಂಯ್‌ಗೂ ಇದಕ್ಕೂ ಹೋಲಿಕೆ ಇರಲಿಲ್ಲ. ಗಿಟಾರಿನ ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಹೆದರಬೇಕಿಲ್ಲ. ನಮ್ಮ ಮೈ ಹಿಡಿದ ಗದ್ದಲ ಗಿಟಾರಿನ ಗ್ರೌಂಡಿಗೆ ಇಳಿಯುತ್ತಿದೆ, ಅಷ್ಟೇ. ಮುಟ್ಟಿದಾಗ ಹಮ್ ಜಾಸ್ತಿಯಾದರೆ ಅಥವಾ ಜುಮ್ ಅಂದರೆ ಗಿಟಾರ್ ಕೆಳಗಿಡಿ, ಪ್ಲಗ್ ತೆಗೆಯಿರಿ. ನಮ್ಮ ಮನೆಯ ಸಾಕೆಟ್ಟಿನಲ್ಲಿ ಫೇಸ್‌ಗೂ ಅರ್ತ್‌ಗೂ ಮಧ್ಯೆ 230 ವೋಲ್ಟ್ ಹತ್ತಿರ ಇರಬೇಕಿತ್ತು. ಮೀಟರ್ ಅದರ ಅರ್ಧವನ್ನೂ ತೋರಿಸಲಿಲ್ಲ, ಅಂಕಿ ಕುಣಿಯುತ್ತಿತ್ತು. ಮೂರನೇ ತೂತು ಬರೀ ಅಲಂಕಾರಕ್ಕಿತ್ತು ಅಂತಾಯಿತು. ಎಲೆಕ್ಟ್ರಿಷಿಯನ್ ಬಂದು ಹಿತ್ತಲಿನ ಅರ್ತಿಂಗ್ ಗುಂಡಿ ನೋಡಿದರು. ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿದರು. "ಬೇಸಿಗೇಲಿ ನೀರು ಹಾಕ್ತಾ ಇರಿ" ಅಂದರು. ಜೊತೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕೂಡ ಹಾಕಿಸಿದೆ. ಈ ಕೆಲಸ ನಾವೇ ಮಾಡುವಂಥದ್ದಲ್ಲ. ಹಮ್ ಹೋಗಲಿ ಅಂತ ಆಂಪ್ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ಸ್ಟೇಜ್ ಮೇಲೆ ನೋಡಿದ್ದೇನೆ. ಆಂಪ್ ಒಳಗೆ ಏನಾದರೂ ಕೆಟ್ಟರೆ ಕರೆಂಟ್ ಬರುವುದು ಗಿಟಾರಿನ ತಂತಿಗೆ. ಬೆರಳು ಅದರ ಮೇಲೇ ಇರುತ್ತದೆ, ಅಲ್ವಾ?

ಮನೆಯ ಗುಂಯ್ ಇದರಿಂದ ಬಹಳ ಮಟ್ಟಿಗೆ ಹೋಯಿತು. ಉಳಿದದ್ದು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಮತ್ತೆ ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮಾಡುವ ಜುರ್ ಸದ್ದು. ಪೆಂಡಾಲಿನದ್ದಂತೂ ಹಾಗೇ ಇತ್ತು. ಅದು ಸಿಂಗಲ್ ಕಾಯಿಲ್‌ನ ಗುಣ, ಪಿಕಪ್ ಬದಲಿಸದೆ ಹೋಗುವುದಿಲ್ಲ. ಹೊಸದನ್ನು ಹುಡುಕಿದ್ದು ಆಮೇಲೆ.

ಪಿಕಪ್ ಮಾರುವವರ ವರ್ಣನೆಗಳನ್ನು ನಾನು ನಂಬುವುದಿಲ್ಲ. ಬೆಚ್ಚಗಿನ ಸದ್ದು, ಗಾಜಿನಂಥ ಸದ್ದು ಅಂತೆಲ್ಲ ಬರೆದಿರುತ್ತಾರೆ. ನಾನು ನೋಡಿದ್ದು ಅಯಸ್ಕಾಂತ ಯಾವುದು, ರೆಸಿಸ್ಟೆನ್ಸ್ ಎಷ್ಟು, ಎಷ್ಟು ವೈರ್ ಹೊರಗೆ ಬರುತ್ತವೆ, ಅಳತೆ ಎಷ್ಟು. ನನ್ನ ಹಳೆ ಪಿಕಪ್‌ಗಳಲ್ಲಿ ತಂತಿಗೊಂದರಂತೆ ಇರುವ ಉಕ್ಕಿನ ಮೊಳೆಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿತ್ತು. ಅಗ್ಗದ ಗಿಟಾರುಗಳಲ್ಲಿ ಇದೇ ರೂಢಿ. ಸ್ಟ್ರಾಟ್‌ನ ಹಳೆ ವಿನ್ಯಾಸದಲ್ಲಿ ಮೊಳೆಗಳೇ ಅಲ್ನಿಕೋ ಅಯಸ್ಕಾಂತ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ ಲೋಹ ಅದು. ನೆಕ್ (ಗಿಟಾರಿನ ಕತ್ತಿನ ಕಡೆ) ಮತ್ತು ಮಧ್ಯಕ್ಕೆ ಅಲ್ನಿಕೋ 5ರ ಸಿಂಗಲ್ ಕಾಯಿಲ್ ತಗೊಂಡೆ, ಸುಮಾರು 6 ಕಿಲೋಓಮ್‌ನವು. ಮಧ್ಯದ್ದು ಉಲ್ಟಾ ಸುತ್ತಿ ಉಲ್ಟಾ ಧ್ರುವ ಇಟ್ಟದ್ದು. ಹಾಗಾಗಿ ನೆಕ್ ಮತ್ತು ಮಧ್ಯ ಒಟ್ಟಿಗೆ ಬಂದಾಗ ಎರಡೂ ಸೇರಿ ಹಂಬಕರ್‌ನಂತೆ ಹಮ್ ಕೊಲ್ಲುತ್ತವೆ. ಪೆಂಡಾಲಿನಲ್ಲಿ ನಾನು ಜಾಸ್ತಿ ಬಳಸುವ ಸ್ಥಾನ ಅದೇ.

ಬ್ರಿಡ್ಜ್‌ಗೆ ಸಿಂಗಲ್ ಕಾಯಿಲ್ ಗಾತ್ರದ ರೈಲ್ ಹಂಬಕರ್ ಹಾಕಿದೆ. ದೊಡ್ಡ ಹಂಬಕರ್ ಹಾಕಲು ಪಿಕ್‌ಗಾರ್ಡ್ ಕತ್ತರಿಸಬೇಕಿತ್ತು, ನನಗೆ ಇಷ್ಟವಾಗಲಿಲ್ಲ. ಮತ್ತೊಂದು ಕಾರಣವೂ ಇದೆ. ಮೊಳೆಯಿರುವ ಪಿಕಪ್ಪಿನಲ್ಲಿ ಹೊರಗಿನ ಎರಡು ತಂತಿಗಳ ಅಂತರ ಬ್ರಿಡ್ಜ್‌ಗೆ ಹೊಂದಬೇಕು. ಫೆಂಡರ್ ಮಾದರಿಗೆ ಸುಮಾರು 52 ಮಿಲಿಮೀಟರ್, ಗಿಬ್ಸನ್ ಮಾದರಿಗೆ 50ರ ಹತ್ತಿರ. ರೈಲ್‌ನಲ್ಲಿ ಉದ್ದಕ್ಕೂ ಒಂದೇ ಪಟ್ಟಿ ಇರುವುದರಿಂದ ಈ ತಲೆನೋವಿಲ್ಲ. ಹಾಡಿನ ಗಮಕ ಬರಿಸಲು ತಂತಿಯನ್ನು ಪಕ್ಕಕ್ಕೆ ಎಳೆದಾಗಲೂ ಅದು ಮೊಳೆಯಿಂದ ಆಚೆ ಸರಿದು ಸದ್ದು ಕುಗ್ಗುವುದಿಲ್ಲ. ಹಳೆ ಹಾಡುಗಳ ದನಿ ನುಡಿಸುವವರಿಗೆ ಇದು ದೊಡ್ಡ ಅನುಕೂಲ.

ನಮ್ಮ ಬೀದಿಯ ವೀಣೆ ಮೇಷ್ಟ್ರು ಇದನ್ನೆಲ್ಲ ನೋಡಿ "ನನ್ನ ವೀಣೆಗೂ ಒಂದು ಕೂರಿಸಿಕೊಡಪ್ಪ" ಅಂದರು. ಅವರ ವೀಣೆಯಲ್ಲಿ ಮೇಲಿನ ಎರಡು ತಂತಿ ಉಕ್ಕಿನವು, ಮಂದ್ರದವು ಹಿತ್ತಾಳೆಯವು. ಹಿತ್ತಾಳೆ ಅಯಸ್ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ಉಕ್ಕಿನ ಸಾರಣಿ ತಂತಿ ಗಟ್ಟಿಯಾಗಿ ಕೇಳಿ ಹಿತ್ತಾಳೆಯ ಅನುಮಂದ್ರ ಕೇಳದೇ ಹೋಗುತ್ತದೆ ಅಂತ ಹೇಳಿ, ವೀಣೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಹಾಕಿಸಿಕೊಳ್ಳಿ ಅಂದೆ.

ವೈರಿಂಗ್‌ಗೆ ಎರಡು ಸೋಲ್ಡರಿಂಗ್ ಐರನ್ ಇದ್ದರೆ ಒಳ್ಳೆಯದು. ಸ್ವಿಚ್, ಸಣ್ಣ ವೈರ್‌ಗೆ 25 ವ್ಯಾಟ್. ಪಾಟ್‌ನ ಬೆನ್ನಿಗೆ 60 ವ್ಯಾಟ್. ಸಣ್ಣದರಲ್ಲಿ ಬೆನ್ನು ಕಾಯಿಸುತ್ತಾ ಕೂತರೆ ಬಿಸಿ ಒಳಗಿಳಿದು ಪಾಟ್ ಹಾಳಾಗುತ್ತದೆ, ಬೆಸುಗೆ ಮಾತ್ರ ಹಿಡಿಯುವುದಿಲ್ಲ. ಮೊದಲು ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ದೊಡ್ಡ ಐರನ್ನಿನಲ್ಲಿ ಬೇಗ ಮುಗಿಸಿ. ಒಳಗೆ ರಾಳ ಇರುವ 60/40 ಸೋಲ್ಡರ್ ತಂತಿ ಸಾಕು. ಹಳೆ ವೈರ್ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ರೈಲ್ ಹಂಬಕರ್‌ನಿಂದ ನಾಲ್ಕು ಬಣ್ಣದ ವೈರ್ ಮತ್ತು ಒಂದು ಬರಿಯ ವೈರ್ ಬರುತ್ತವೆ. ಬಣ್ಣದ ಅರ್ಥ ಕಂಪನಿಗೊಂದು. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಸದ್ದು ಹೊರಗೆ ಒಯ್ಯುವ ವೈರ್), ಕೆಂಪು ಬಿಳಿ ಎರಡನ್ನೂ ಸೇರಿಸಿ ಟೇಪ್ ಸುತ್ತಬೇಕು, ಹಸಿರು ಗ್ರೌಂಡಿಗೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಸೇರಿಸಬೇಕು, ಹಸಿರು ಗ್ರೌಂಡಿಗೆ. ಒಂದರ ಚಾರ್ಟ್ ಇಟ್ಟುಕೊಂಡು ಇನ್ನೊಂದನ್ನು ಬೆಸೆದರೆ ಎರಡು ಕಾಯಿಲ್ ಒಂದಕ್ಕೊಂದು ತಿರುಗಿ ಬೀಳುತ್ತವೆ. ಸದ್ದು ತೆಳ್ಳಗೆ, ಹಮ್ ದಪ್ಪಗೆ! ಚಾರ್ಟೇ ಇಲ್ಲದ ಪಿಕಪ್ ಆದರೆ ಯಾವ ಎರಡು ವೈರ್ ಮಧ್ಯೆ ಓಮ್ ಬರುತ್ತದೆ ಅಂತ ಅಳೆದು ಜೋಡಿ ಕಂಡುಹಿಡಿಯಬಹುದು.

ವಾಲ್ಯೂಮ್ ಪಾಟ್ 250ಕೆ ಇದ್ದದ್ದನ್ನೇ ಉಳಿಸಿಕೊಂಡೆ. ಹಂಬಕರ್‌ಗೆ 500ಕೆ ಬೇಕಲ್ಲವೇ ಅಂತ ಕೇಳಬಹುದು. ಬ್ರಿಡ್ಜ್ ಪಿಕಪ್ ಸ್ವಲ್ಪ ಮೆತ್ತಗಾಗುವುದೇ ನನಗೆ ಬೇಕಿತ್ತು. ಹಳೆ ಸ್ಟ್ರಾಟ್ ವೈರಿಂಗ್‌ನಲ್ಲಿ ಬ್ರಿಡ್ಜ್‌ಗೆ ಟೋನ್ ಇರುವುದಿಲ್ಲ, ಮಧ್ಯದ ಟೋನ್ ಪಾಟನ್ನು ಅದಕ್ಕೂ ಸೇರಿಸಿದೆ.

ತಂತಿ ಹಾಕುವ ಮೊದಲೇ ಕೇಬಲ್ ಚುಚ್ಚಿ, ಇನ್ನೊಂದು ತುದಿಯಲ್ಲಿ ಮೀಟರ್ ಹಿಡಿದೆ. ವಾಲ್ಯೂಮ್ ಪೂರ್ತಿ ತೆರೆದಿರಬೇಕು. 6 ಕಿಲೋಓಮ್ ಪಿಕಪ್ 250ಕೆ ಪಾಟ್ ಜೊತೆ ಸಮಾನಾಂತರವಾಗಿ ಇರುವುದರಿಂದ 5.86 ತೋರಿಸುತ್ತದೆ. ನೆಕ್ ಮತ್ತು ಮಧ್ಯದಂತೆ ಒಂದೇ ಓಮ್‌ನ ಎರಡು ಪಿಕಪ್ ಸೇರುವ ಸ್ಥಾನದಲ್ಲಿ ಸುಮಾರು ಅರ್ಧ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. 250ಕೆ ಬಂದರೆ ಪಿಕಪ್ ಸಂಪರ್ಕವೇ ಇಲ್ಲ, ಪಾಟ್ ಮಾತ್ರ ಕಾಣುತ್ತಿದೆ. ಏನೂ ಬರದಿದ್ದರೆ ಜ್ಯಾಕ್ (ಗಿಟಾರಿಗೆ ಕೇಬಲ್ ಚುಚ್ಚುವ ತೂತು) ಅಥವಾ ಕೇಬಲ್ ನೋಡಿ. ಇನ್ನೊಂದು ಮಾತು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಅಳೆದದ್ದಕ್ಕೂ ಡಿಸೆಂಬರ್ ಬೆಳಿಗ್ಗೆ ಅಳೆದದ್ದಕ್ಕೂ ವ್ಯತ್ಯಾಸ ಬರುತ್ತದೆ, ಗಾಬರಿ ಬೇಡ. ಓಮ್ ಜಾಸ್ತಿ ಇದ್ದರೆ ಸದ್ದೂ ಜೋರು ಅಂತಲೂ ಅಲ್ಲ. ಇನ್ನೂ ಸಣ್ಣ ತಂತಿ ಸುತ್ತಿದರೂ ಓಮ್ ಏರುತ್ತದೆ.

ಎಲ್ಲ ಅಂಕಿ ಸರಿ ಬಂದವು. ಆದರೂ ಬ್ರಿಡ್ಜ್ ಮತ್ತು ಮಧ್ಯ ಸೇರಿದ ಸ್ಥಾನದಲ್ಲಿ ಸದ್ದು ಮೂಗಿನಿಂದ ಬಂದ ಹಾಗಿತ್ತು, ಕೆಳಗಿನ ಸ್ವರಗಳೇ ಮಾಯ. ಎರಡು ಬೇರೆ ಕಂಪನಿಯ ಪಿಕಪ್ ಜೊತೆಗೂಡಿಸಿದಾಗ ಇದು ಸಾಮಾನ್ಯ, ಫೇಸ್ ಉಲ್ಟಾ ಇರುತ್ತದೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಒಂದೊಂದೇ ಪಿಕಪ್ ಆರಿಸಿ, ಮೀಟರನ್ನು ಓಮ್ಸ್‌ನಲ್ಲಿಟ್ಟು, ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್ ಮೇಲೆ ಕೂರಿಸಿ ಫಟ್ ಅಂತ ಎಳೆಯಿರಿ. ಒಂದರಲ್ಲಿ ಓದು ಮೇಲೆ ಹಾರಿ ಇನ್ನೊಂದರಲ್ಲಿ ಕೆಳಗೆ ಇಳಿದರೆ ಫೇಸ್ ಹೊಂದಿಲ್ಲ. ಮುಳ್ಳಿರುವ ಹಳೆ ಮೀಟರ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ರೈಲ್‌ನ ಹಾಟ್ ಮತ್ತು ಗ್ರೌಂಡ್ ಬಣ್ಣದ ವೈರ್‌ಗಳನ್ನು ಅದಲುಬದಲು ಮಾಡಿದೆ. ಬರಿಯ ವೈರ್ ಮಾತ್ರ ಗ್ರೌಂಡಿನಲ್ಲೇ ಇರಬೇಕು. ಸದ್ದು ತುಂಬಿಕೊಂಡಿತು. ಎರಡೇ ವೈರ್ ಇರುವ, ಲೋಹದ ಮುಚ್ಚಳದ ಪಿಕಪ್‌ಗಳಲ್ಲಿ ಸುಮ್ನೆ ಹೀಗೆ ಬದಲಿಸಲು ಹೋಗಬೇಡಿ. ಮುಚ್ಚಳ ಗ್ರೌಂಡ್ ವೈರ್‌ಗೆ ಸೇರಿದ್ದರೆ ಅದೇ ಹಾಟ್ ಆಗಿಬಿಡುತ್ತದೆ, ಮುಟ್ಟಿದರೆ ಹಮ್.

ಮಂಡ್ಯದ ಗೆಳೆಯರೊಬ್ಬರ ಗಿಟಾರಿನದು ಬೇರೆ ಕಥೆ. ಹೊರಗಿನ ಗದ್ದಲ ತಡೆಯಲು ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿ ಶೀಲ್ಡ್ ಮಾಡಿದ್ದರು. ಬಿಚ್ಚಿಟ್ಟು ನೋಡಿದರೆ ಸದ್ದು ಬರುತ್ತಿತ್ತು, ಸ್ಕ್ರೂ ಹಾಕಿದರೆ ಹೋಗುತ್ತಿತ್ತು. ಕೇಬಲ್ ಚುಚ್ಚಿದಾಗ ಜ್ಯಾಕಿನ ನಾಲಿಗೆ ಹೊರಕ್ಕೆ ಬಾಗಿ ತಾಮ್ರದ ಹಾಳೆಗೆ ತಾಗುತ್ತಿತ್ತು. ಆ ಜಾಗದಲ್ಲಿ ಇನ್ಸುಲೇಶನ್ ಟೇಪ್ ಅಂಟಿಸಿದೆವು, ಮುಗಿಯಿತು.

ಕೊನೆಗೆ ಎತ್ತರ. ಹೊಸ ಪಿಕಪ್ ಹಾಕಿದವರು ಇದನ್ನು ಮರೆತು ಪಿಕಪ್ ಮಾರುತ್ತಾರೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಯಿಂದ ಮೊಳೆಗೆ ಸುಮಾರು 2 ಮಿಲಿಮೀಟರ್‌ನಿಂದ ಶುರುಮಾಡಿ, ದಪ್ಪ ತಂತಿಯ ಕಡೆ ಸ್ವಲ್ಪ ಜಾಸ್ತಿ ಬಿಡಿ. ಅಲ್ನಿಕೋ ಮೊಳೆ ತೀರಾ ಹತ್ತಿರ ಬಂದರೆ ತಂತಿಯನ್ನೇ ಎಳೆಯುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಅಲೆಯುತ್ತದೆ, ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ನೆಕ್ ಪಿಕಪ್ಪಿನ ಮೇಲೆ ತಂತಿ ಜಾಸ್ತಿ ಅಲುಗುವುದರಿಂದ ಅದನ್ನು ಬ್ರಿಡ್ಜ್‌ಗಿಂತ ಇಳಿಸಿಟ್ಟರೆ ಸ್ವಿಚ್ ತಿರುಗಿಸಿದಾಗ ಸದ್ದು ಸಮವಾಗಿರುತ್ತದೆ. ರೈಲ್‌ನ ಶಕ್ತಿ ಜಾಸ್ತಿ, ನನ್ನ ಗಿಟಾರಿನಲ್ಲಿ ಅದು 3 ಮಿಲಿಮೀಟರ್ ಹತ್ತಿರ ಬಂದು ನಿಂತಿದೆ. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಬ್ಯಾಂಡ್ ನುಡಿಸುವಷ್ಟೇ ಜೋರಾಗಿ ಆಂಪ್ ಇಟ್ಟು ಕೇಳಿ. ಮೆಲ್ಲಗೆ ಇಟ್ಟು ಹೊಂದಿಸಿದ ಎತ್ತರ ಸ್ಟೇಜ್ ಮೇಲೆ ಮತ್ತೆ ಬದಲಿಸಬೇಕಾಗುತ್ತದೆ.