ಕೆಸರು ಬಂದರೆ ಸುತ್ತಬೇಡಿ, ನಡುವೆಯೇ ಓಡಿ

ಬೆಟ್ಟದ ಮೇಲಿನ ಜೌಗು ಪ್ರದೇಶದಲ್ಲಿ ಟ್ರೇಲ್ ರನ್ನಿಂಗ್ (ಕಾಲುದಾರಿ ಓಟ) ಮಾಡುವವರು ಗಮನಿಸಿ: ಕಾಲುದಾರಿಯಲ್ಲಿ ಕೆಸರು ಎದುರಾದರೆ ಅಂಚು ಹಿಡಿದು ಸುತ್ತಬೇಡಿ, ನಟ್ಟನಡುವೆಯೇ ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ದಾಟಿ. ಜನ ತುಳಿದೂ ತುಳಿದೂ ನಡುವಿನ ನೆಲ ಸಾಮಾನ್ಯವಾಗಿ ಅಡಿಯಲ್ಲಿ ಗಟ್ಟಿಯಾಗಿರುತ್ತದೆ, ಮೇಲಿನ ನಾಲ್ಕು ಬೆರಳಷ್ಟೇ ರಾಡಿ. ಅಂಚು ಹಾಗಲ್ಲ, ಸ್ಪಂಜಿನಂತೆ ಕುಸಿದು ಶೂ ಕಚ್ಚಿಕೊಳ್ಳುತ್ತದೆ. ಅಂಚು ತುಳಿದಷ್ಟೂ ದಾರಿ ಅಗಲವಾಗಿ ಪಾಚಿ, ಹುಲ್ಲು ಸಾಯುತ್ತವೆ. ಅಲ್ಲಿನ ಪೀಟ್ ಮಣ್ಣು, ಅಂದರೆ ಅರೆಕೊಳೆತ ಗಿಡಗಳಿಂದಾದ ಮಣ್ಣು, ಕೂಡಿಕೊಳ್ಳುವುದೇ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಶೂ ಹೇಗೂ ಒದ್ದೆಯಾಗುತ್ತೆ ಬಿಡಿ. ವಾಟರ್‌ಪ್ರೂಫ್ ಶೂ ಒಳಗೆ ಹೋದ ನೀರನ್ನು ಹೊರಗೇ ಬಿಡುವುದಿಲ್ಲ, ಜಾಲರಿ ಶೂನಲ್ಲಿ ನಾಲ್ಕು ಹೆಜ್ಜೆಗೆ ಪಚಪಚ ಎಂದು ಬಸಿದುಹೋಗುತ್ತದೆ. ಲೇಸಿಗೆ ಮಾತ್ರ ಎರಡು ಗಂಟು ಹಾಕಿ.

ಈ ಉಪಾಯ ನಡೆಯದ ಜಾಗವೂ ಇದೆ. ಚಾಪೆ ಹಾಸಿದ ಹಾಗೆ ಸಪಾಟಾಗಿ, ತಿಳಿಹಸಿರಾಗಿ ಸ್ಫ್ಯಾಗ್ನಮ್ ಪಾಚಿ ಕಂಡರೆ, ಅಥವಾ ನೀರಿನ ತಳ ಕಾಣದಿದ್ದರೆ ಕಾಲಿಡದೆ ವಾಪಸ್ ಬನ್ನಿ. ಹಲಗೆ ಹಾಸಿದ ಕಡೆ ಹಲಗೆ ಬಿಟ್ಟು ಇಳಿಯಲೇಬೇಡಿ. ಹೆಜ್ಜೆಯನ್ನು ಮೊಳೆಗಳ ಸಾಲಿನ ಮೇಲಿಡಿ, ಅಡಿಯಲ್ಲಿ ತೊಲೆ ಇರುವುದರಿಂದ ಹಲಗೆ ಅಲ್ಲಿ ಕುಲುಕುವುದು ಕಡಿಮೆ. ಮಳೆಯಲ್ಲಿ ನೆನೆದ ಹಲಗೆ ಮೇಲಂತೂ ಓಟ ಬೇಡ, ನಡೆಯಿರಿ.