ಲಕ್ಷದ್ವೀಪದ ಹಡಗು: ಟಿಕೆಟ್‌ಗಿಂತ ಮೊದಲು ಪರ್ಮಿಟ್

ಅಮ್ಮನಿಗೆ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಆಸೆ. ಕುಂಬಳೆಯ ನಮಗೆ ಮಂಗಳೂರು ಹತ್ತಿರ, ಆದರೆ ಹಡಗುಗಳು ಹೆಚ್ಚಾಗಿ ಹೊರಡುವುದು ಕೊಚ್ಚಿಯಿಂದ. ನಾನು ಸುಮ್ನೆ ಟಿಕೆಟ್ ಹಿಂದೆ ಬಿದ್ದಿದ್ದೆ, ಅದೇ ತಪ್ಪು. 1967ರ ನಿಯಮದ ಪ್ರಕಾರ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕು. ಅರ್ಜಿ ಹಾಕಿದೆ, ವಾಪಸ್ ಬಂತು. ಎರಡು ದಿನ ತಲೆ ಕೆಡಿಸಿಕೊಂಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಆಧಾರ್‌ನಲ್ಲಿ ಅಮ್ಮನ ಮನೆ ಹೆಸರು ಪೂರ್ತಿ ಇದೆ, ಪೊಲೀಸ್ ಕ್ಲಿಯರೆನ್ಸ್ ಪತ್ರದಲ್ಲಿ ಬರೀ ‘ಕೆ.’ ಅಂತ ಇದೆ! ನಮ್ಮ ಕಾಸರಗೋಡು ಕಡೆ ಈ ಇನಿಷಿಯಲ್ ಗೋಳು ಮನೆಮನೆಯಲ್ಲೂ ಇದ್ದದ್ದೇ ಅಲ್ವಾ. ಪತ್ರವನ್ನು ಆಧಾರ್‌ನಲ್ಲಿದ್ದಂತೆಯೇ ಅಕ್ಷರಕ್ಕೆ ಅಕ್ಷರ ಸರಿ ಮಾಡಿಸಿ ಮತ್ತೆ ಅರ್ಜಿ ಹಾಕಿದೆ. ಪರ್ಮಿಟ್ ಬಂತು. ಆಮೇಲೆಯೇ ಟಿಕೆಟ್ ತೆಗೆದೆ. ಮಳೆಗಾಲದಲ್ಲಿ ಕಡಲಿನ ಅಬ್ಬರ ಜಾಸ್ತಿ, ಹಾಗಾಗಿ ಡಿಸೆಂಬರ್‌ಗೆ ಹೊರಟಿದ್ದೇವೆ.