ಅತಿಥಿಗೆ ಇಪ್ಪತ್ತೆರಡು ನಿಮಿಷ: ರೋಟರಿ ವಾರದ ಸಭೆ ನಡೆಸುವ ಬಗೆ

ತಾಲ್ಲೂಕು ಊರಿನ ರೋಟರಿ ಕ್ಲಬ್‌ನ ವಾರದ ಸಭೆ ಹೆಚ್ಚೆಂದರೆ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಅತಿಥಿಗೆ ಎಂದು ಮೊದಲೇ ಹೇಳಿರುತ್ತಾರೆ. ಆದರೆ ಸ್ವಾಗತ, ಅಧ್ಯಕ್ಷರ ನುಡಿ, ವರದಿ, ಹುಟ್ಟುಹಬ್ಬ, ಶಾಲು ಎಲ್ಲ ಮುಗಿದು ಅತಿಥಿಯ ಕೈಗೆ ಮೈಕ್ ಬರುವ ಹೊತ್ತಿಗೆ ಎಂಟು ದಾಟಿ, ಹಿಂದಿನ ಕೋಣೆಯಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿರುತ್ತದೆ. ಭಾಷಣ ಸಪ್ಪೆ ಎಂದು ಸದಸ್ಯರು ದೂರುವುದು ಅತಿಥಿಯನ್ನು. ಸಭೆ ಕೆಟ್ಟದ್ದು ಮಾತ್ರ ಅವರು ಬಾಯಿ ತೆರೆಯುವ ಮೊದಲೇ. ಕಾರ್ಯಕ್ರಮ ಸಂಚಾಲಕರ ನಿಜವಾದ ಕೆಲಸ ಅತಿಥಿಯ ಸಮಯ ಕಾಯುವುದು. ಇಲ್ಲಿ ಹೇಳಿರುವುದು ರೋಟರಿಯ ಲೆಕ್ಕದಲ್ಲಿದ್ದರೂ ಲಯನ್ಸ್, ಜೇಸಿ, ಇನ್ನರ್ ವೀಲ್ ಸಭೆಗಳಿಗೂ ಬಹುಪಾಲು ಹೊಂದುತ್ತದೆ.

ವರ್ಷದ ಪಟ್ಟಿ

ರೋಟರಿ ವರ್ಷ ಜುಲೈ 1ರಿಂದ ಜೂನ್ 30. ಪಟ್ಟಿಯನ್ನು ಮೇ ತಿಂಗಳಲ್ಲೇ ಹಿಡಿಯಿರಿ. ಪದಗ್ರಹಣ ಮುಗಿಸಿ ನೋಡೋಣ ಎಂದರೆ ಆಗಸ್ಟ್‌ವರೆಗೆ ಪ್ರತಿ ಸೋಮವಾರವೂ ‘ಈ ವಾರ ಯಾರು?’ ಎಂದು ಫೋನು ಮಾಡುತ್ತ ಕೂರಬೇಕಾಗುತ್ತದೆ. ಕ್ಯಾಲೆಂಡರ್ ತೆಗೆದು ಮೊದಲು ಗೌರಿ-ಗಣೇಶ, ದಸರಾ, ದೀಪಾವಳಿ, ಯುಗಾದಿ ವಾರಗಳನ್ನು ಹೊಡೆದುಹಾಕಿ. ಊರ ಜಾತ್ರೆ, ರಥೋತ್ಸವದ ವಾರವನ್ನು ಮರೆಯಬೇಡಿ. ಎಷ್ಟು ಒಳ್ಳೆಯ ಅತಿಥಿ ಬಂದರೂ ತೇರಿನ ದಿನ ಏಳು ಜನ ಸೇರುವುದಿಲ್ಲ.

ಉಳಿದ ಎಲ್ಲ ವಾರಕ್ಕೂ ಅತಿಥಿ ಬೇಕು ಎಂದೇನಿಲ್ಲ. 2016ರಲ್ಲಿ ರೋಟರಿ ತನ್ನ ನಿಯಮ ಸಡಿಲಿಸಿದ ಮೇಲೆ ಕ್ಲಬ್ಬುಗಳು ವಾರ ವಾರವೂ ಸೇರಬೇಕೆಂಬ ಕಟ್ಟು ಇಲ್ಲ. ತಿಂಗಳಿಗೆ ಎರಡಾದರೂ ಸಭೆ ನಡೆಯಬೇಕು. ವಾರದ ಸಭೆ ಉಳಿಸಿಕೊಂಡ ಕ್ಲಬ್ಬಿಗೆ ಹೊಂದುವ ಹಂಚಿಕೆ ಇದು: ತಿಂಗಳಲ್ಲಿ ಎರಡು ವಾರ ಹೊರಗಿನ ಅತಿಥಿ, ಒಂದು ವಾರ ಕ್ಲಬ್ಬಿನ ಲೆಕ್ಕಪತ್ರ ಮತ್ತು ಯೋಜನೆಗಳ ಚರ್ಚೆ, ಒಂದು ವಾರ ಸದಸ್ಯರೊಬ್ಬರ ವೃತ್ತಿ ಮಾತು. ಈ ಕೊನೆಯದನ್ನು ಹಗುರವಾಗಿ ನೋಡಬೇಡಿ. 1905ರಲ್ಲಿ ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಸೇರಿದ್ದೇ ಬೇರೆ ಬೇರೆ ಕಸುಬಿನವರ ಕೂಟವಾಗಿ. ಹತ್ತು ವರ್ಷ ಪಕ್ಕದಲ್ಲೇ ಕೂತು ಉಂಡ ಸದಸ್ಯ ಅಡಿಕೆ ಮಂಡಿಯಲ್ಲಿ ದರ ಹೇಗೆ ಕಟ್ಟುತ್ತಾನೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ.

ರೋಟರಿ ಪ್ರತಿ ತಿಂಗಳಿಗೂ ಒಂದು ವಿಷಯ ಕೊಟ್ಟಿದೆ: ಸೆಪ್ಟೆಂಬರ್ ಮೂಲ ಶಿಕ್ಷಣ ಮತ್ತು ಸಾಕ್ಷರತೆ, ಡಿಸೆಂಬರ್ ರೋಗ ತಡೆ, ಜನವರಿ ವೃತ್ತಿ ಸೇವೆ, ಮಾರ್ಚ್ ನೀರು-ನೈರ್ಮಲ್ಯ, ಹೀಗೆ. ಇದನ್ನು ಗೆರೆ ಮೀರದಂತೆ ಪಾಲಿಸಬೇಕಿಲ್ಲ. ಯಾರನ್ನು ಕರೆಯುವುದೆಂದು ತೋಚದಾಗ ನೆರವಿಗೆ ಬರುತ್ತದೆ, ಅಷ್ಟೆ. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಅಂದು ರೋಟರಿ ಜಿಲ್ಲೆಯ ಮುಖ್ಯಸ್ಥರಾದ ಗವರ್ನರ್ ಸಂದೇಶ ಓದುವುದಕ್ಕಿಂತ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೊಬ್ಬರನ್ನು ಕರೆದು, ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಟ್ಟುಕೊಂಡು ಗುಡ್ಡದ ಮೇಲಿನ ಮನೆಯವರೆಗೆ ಹೇಗೆ ಒಯ್ಯುತ್ತಾರೆ ಎಂದು ಕೇಳಿ. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು, 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು ಎಂಬುದನ್ನೆಲ್ಲ ಅಧ್ಯಕ್ಷರು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಯಾರನ್ನು ಕರೆಯುವುದು, ಯಾವುದರ ಬಗ್ಗೆ

ಬೆಂಗಳೂರಿನ ‘ಹೆಸರಾಂತ’ರ ಬೆನ್ನು ಹತ್ತುವ ಮೊದಲು ಊರೊಳಗೆ ನೋಡಿ. ಅಗ್ನಿಶಾಮಕ ಠಾಣೆಯ ಅಧಿಕಾರಿ, ಸೈಬರ್ ಠಾಣೆಯ ಇನ್‌ಸ್ಪೆಕ್ಟರ್, ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ, ರಕ್ತನಿಧಿಯ ವೈದ್ಯರು, ಅಂಚೆ ಕಚೇರಿಯ ಪೋಸ್ಟ್ ಮಾಸ್ಟರ್, ಹಾವು ಹಿಡಿಯುವವರು, ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮನ್. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಜನರಲ್ಲಿ ಅರಿವು ಮೂಡಿಸುವುದೇ ಒಂದು ಕೆಲಸ, ಆದ್ದರಿಂದ ಅಲ್ಲಿಂದ ‘ಇಲ್ಲ’ ಬರುವುದು ಕಡಿಮೆ.

ವಿಷಯವನ್ನು ಅತಿಥಿಗೇ ಬಿಟ್ಟುಬಿಡುವುದು ಕ್ಲಬ್ಬುಗಳು ಪದೇ ಪದೇ ಮಾಡುವ ತಪ್ಪು. ‘ಸರ್, ನಿಮಗಿಷ್ಟ ಬಂದದ್ದು ಮಾತಾಡಿ’ ಎಂದರೆ ಅವರು ಎಲ್ಲ ಕಡೆ ಮಾಡುವ ಭಾಷಣವನ್ನೇ ಮಾಡುತ್ತಾರೆ. ‘ಹಾವುಗಳು’ ಎನ್ನಬೇಡಿ, ‘ಹಾವು ಕಚ್ಚಿದ ಮೊದಲ ಒಂದು ಗಂಟೆ: ನಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ ಒಯ್ಯಬೇಕು, ಏನು ಮಾಡಬಾರದು’ ಎನ್ನಿ. ‘ಸೈಬರ್ ಅಪರಾಧ’ ಬೇಡ. ‘ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಮುಂದೆ ಏನಾಗುತ್ತದೆ’ ಎಂದಿರಲಿ. ವಿಷಯ ಇಷ್ಟು ಕಿರಿದಾದರೆ ಅತಿಥಿಗೂ ತಯಾರಿ ಸುಲಭ, ಕೇಳುವವರಿಗೂ ಪ್ರಶ್ನೆ ಹುಟ್ಟುತ್ತದೆ.

ಎರಡು ಬಗೆಯವರ ಬಗ್ಗೆ ಎಚ್ಚರ. ಒಬ್ಬರು, ಹೂಡಿಕೆ ಅಥವಾ ಆರೋಗ್ಯದ ‘ಮಾಹಿತಿ’ ಎಂದು ಬಂದು ಕೊನೆಗೆ ಫಾರಂ ಹಂಚುವವರು. ಇವರಿಗೆ ಮೊದಲೇ ಹೇಳಿ: ಕಂಪನಿಯ ಹೆಸರು ಪರಿಚಯದಲ್ಲಿ ಒಮ್ಮೆ ಬರುತ್ತದೆ, ಸಭೆಯಲ್ಲಿ ಮಾರಾಟವಿಲ್ಲ, ವಿಸಿಟಿಂಗ್ ಕಾರ್ಡ್ ಊಟದ ಹೊತ್ತಿನಲ್ಲಿ ಕೊಡಬಹುದು. ಇನ್ನೊಬ್ಬರು, ಚುನಾವಣೆ ಹತ್ತಿರವಿರುವಾಗಿನ ರಾಜಕಾರಣಿಗಳು. ರೋಟರಿ ಪಕ್ಷ ಹಿಡಿಯುವುದಿಲ್ಲ. ಒಬ್ಬ ಆಕಾಂಕ್ಷಿ ಬಂದು ಹೋದರೆ ಉಳಿದವರೂ ಕೇಳುತ್ತಾರೆ. ನೀತಿ ಸಂಹಿತೆ ಜಾರಿಯಲ್ಲಿರುವ ವಾರಗಳಲ್ಲಿ ಸರ್ಕಾರಿ ಅಧಿಕಾರಿಗಳೂ ಸಿಗುವುದು ಕಷ್ಟ, ಆ ತಿಂಗಳಿಗೆ ವೃತ್ತಿ ಮಾತುಗಳನ್ನು ಇಟ್ಟುಕೊಳ್ಳಿ.

ಕರೆ, ಪತ್ರ, ಮತ್ತೆ ಕರೆ

ನಾಲ್ಕು ವಾರ ಮೊದಲು ಖುದ್ದಾಗಿ ಅಥವಾ ಫೋನಿನಲ್ಲಿ ಕೇಳಿ. ಒಪ್ಪಿದ ದಿನವೇ ಬರಹದಲ್ಲಿ ಕಳಿಸಿ. ಸರ್ಕಾರಿ ಅಧಿಕಾರಿಯಾದರೆ ಕ್ಲಬ್ಬಿನ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು ಕಚೇರಿಯ ಟಪಾಲಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಹೇಬರಿಗೆ ವರ್ಗವಾದರೂ ಅವರ ಜಾಗಕ್ಕೆ ಬಂದವರಲ್ಲಿ ಆ ಪತ್ರ ಹಿಡಿದು ಮತ್ತೆ ಕೇಳಬಹುದು. ಉಳಿದವರಿಗೆ ವಾಟ್ಸಾಪ್ ಸಾಕು. ಬೇಕಾದ್ದೆಲ್ಲ ಒಂದೇ ಸಂದೇಶದಲ್ಲಿರಲಿ:

‘ನಮಸ್ಕಾರ ಡಾಕ್ಟ್ರೇ. ಒಪ್ಪಿಕೊಂಡದ್ದಕ್ಕೆ ಧನ್ಯವಾದ. ಮುಂದಿನ ತಿಂಗಳ ಎರಡನೇ ಗುರುವಾರ, ಸಂಜೆ 7.30, ರೋಟರಿ ಭವನ, ಬಸ್ ನಿಲ್ದಾಣದ ಹಿಂದಿನ ರಸ್ತೆ. ವಿಷಯ: ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆ. ನಿಮ್ಮ ಮಾತು 22 ನಿಮಿಷ, ಪ್ರಶ್ನೆಗೆ 10 ನಿಮಿಷ. ಕೇಳುವವರು ಸುಮಾರು 35 ಜನ, ಹೆಚ್ಚಿನವರು ಐವತ್ತು ದಾಟಿದವರು. ಪ್ರೊಜೆಕ್ಟರ್ ಇದೆ, ಸ್ಲೈಡ್ ಇದ್ದರೆ ಹಿಂದಿನ ದಿನ ಪಿಡಿಎಫ್ ಕಳಿಸಿ. ಪರಿಚಯಕ್ಕೆ ನಾಲ್ಕು ಸಾಲು ಬೇಕು. 8.30ಕ್ಕೆ ಊಟ, ಏನಾದರೂ ಪಥ್ಯವಿದ್ದರೆ ತಿಳಿಸಿ. ಕಾರು ಕಳಿಸಬೇಕೆ?’

22 ಎಂಬ ಅಂಕಿಯನ್ನು ಬೇಕೆಂದೇ ಬರೆಯುವುದು. ಅರ್ಧ ಗಂಟೆ ಎಂದರೆ ಜನ ಮುಕ್ಕಾಲು ಗಂಟೆಗೆ ಸಿದ್ಧವಾಗುತ್ತಾರೆ. 22 ಎಂದರೆ ಈ ಕ್ಲಬ್ಬಿನವರು ಗಡಿಯಾರ ನೋಡುತ್ತಾರೆ ಎಂದು ಅರ್ಥವಾಗುತ್ತದೆ.

ವಾರ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ ನೆನಪಿಸಿ. ಸಭೆಯ ದಿನ ಸಂಜೆ ಐದಕ್ಕೆ ಮಾಡುವ ಫೋನು ಮುಖ್ಯ, ತುರ್ತು ಹೆರಿಗೆಯೋ ಡಿಸಿ ವಿಡಿಯೊ ಕಾನ್ಫರೆನ್ಸೋ ಗೊತ್ತಾಗುವುದು ಆ ಹೊತ್ತಿಗೆ. ಅಂಥ ದಿನಕ್ಕೆ ಹದಿನೈದು ನಿಮಿಷದ ಮಾತು ಸಿದ್ಧವಿಟ್ಟುಕೊಂಡ ಸದಸ್ಯರು ಇಬ್ಬರು ಸದಾ ಕೈಯಲ್ಲಿರಲಿ.

ಸಭಾಂಗಣ

35 ಜನ ಬರುತ್ತಾರೆಂದರೆ 28 ಕುರ್ಚಿ ಮಾತ್ರ ಹಾಕಿ, ಉಳಿದವನ್ನು ಗೋಡೆಗೆ ಜೋಡಿಸಿಡಿ. ಅರವತ್ತು ಹಾಕಿದರೆ ಎಲ್ಲರೂ ಹಿಂದಿನ ಸಾಲಿಗೆ ಹೋಗುತ್ತಾರೆ, ಅತಿಥಿ ಖಾಲಿ ಪ್ಲಾಸ್ಟಿಕ್ಕಿಗೆ ಪಾಠ ಮಾಡಬೇಕಾಗುತ್ತದೆ. ವೇದಿಕೆಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಅತಿಥಿ ಮೂವರೇ. ಮಾಜಿ ಅಧ್ಯಕ್ಷರಿಗೆಲ್ಲ ಮೇಲೆ ಕುರ್ಚಿ ಕೊಡುವ ರೂಢಿ ಇರುವಲ್ಲಿ ಅದನ್ನು ಮುರಿಯಲು ಒಂದು ವರ್ಷವೇ ಬೇಕಾಗಬಹುದು. ಪರದೆ ಅವರ ಬೆನ್ನ ಹಿಂದಿದ್ದರೆ ಯಾರಿಗೂ ಕಾಣುವುದಿಲ್ಲ ಎಂಬ ಕಾರಣ ಕೊಡಿ, ಅದು ಸುಳ್ಳೂ ಅಲ್ಲ.

ಸ್ಲೈಡುಗಳ ತೊಂದರೆ ಎಲ್ಲ ಕಡೆ ಒಂದೇ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಕನ್ನಡ ಸ್ಲೈಡು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಪಿಡಿಎಫ್ ಕೇಳುವುದು ಇದಕ್ಕೇ. ಎಚ್‌ಡಿಎಂಐ ಕೇಬಲ್ ಜೊತೆಗೆ ವಿಜಿಎ ಮತ್ತು ಟೈಪ್-ಸಿ ಅಡಾಪ್ಟರ್ ಒಂದೊಂದು ಕ್ಲಬ್ಬಿನ ಡಬ್ಬಿಯಲ್ಲಿರಲಿ. ವಿಡಿಯೊ ಇದ್ದರೆ ಲ್ಯಾಪ್‌ಟಾಪಿನಿಂದ ಧ್ವನಿವರ್ಧಕಕ್ಕೆ ಆಡಿಯೊ ವೈರ್ ಬೇಕು. ಲ್ಯಾಪ್‌ಟಾಪಿನ ಮುಂದೆ ಮೈಕ್ ಹಿಡಿದು ನಿಲ್ಲುವ ಉಪಾಯ ಫಲಿಸುವುದಿಲ್ಲ. ಪ್ರೊಜೆಕ್ಟರ್ ಯುಪಿಎಸ್ ಮೇಲಿರಲಿ. ಕರೆಂಟ್ ಹೋಗಿ ಜನರೇಟರ್ ಹಿಡಿಯುವುದು ಕೆಲವೇ ಸೆಕೆಂಡ್, ಆರಿದ ಪ್ರೊಜೆಕ್ಟರ್ ಮತ್ತೆ ಹೊತ್ತಿಕೊಳ್ಳಲು ಅದಕ್ಕಿಂತ ಬಹಳ ಹೊತ್ತು. ಮೈಕ್ ಕೀರಲಾಗಿ ಕೂಗಿದರೆ ಸ್ಪೀಕರ್ ಪೆಟ್ಟಿಗೆ ಅದರ ಹಿಂದಿದೆ ಎಂದು ಅರ್ಥ. ಪೆಟ್ಟಿಗೆಗಳನ್ನು ಮಾತನಾಡುವವರಿಗಿಂತ ಮುಂದಕ್ಕೆ, ಸಭಿಕರ ಕಡೆಗೆ ತಿರುಗಿಸಿ ಇಡಿ.

ಆ ಒಂದು ಗಂಟೆ

7.15 – ಚಹಾ. ಅತಿಥಿಯನ್ನು ಎದುರುಗೊಳ್ಳಲು ಒಬ್ಬರೇ ಸದಸ್ಯರು. ಊಟ ಮುಗಿಯುವವರೆಗೂ ಅವರೇ ಜೊತೆಗೆ.
7.30 – ಅಧ್ಯಕ್ಷರು ಗಂಟೆ ಬಾರಿಸುವುದು. ಹತ್ತೇ ಜನ ಇದ್ದರೂ.
7.31 – ಪ್ರಾರ್ಥನೆ, ನಾಡಗೀತೆ.
7.36 – ಸ್ವಾಗತ, 1 ನಿಮಿಷ.
7.37 – ಅಧ್ಯಕ್ಷರ ಮಾತು, 3 ನಿಮಿಷ.
7.40 – ಕಾರ್ಯದರ್ಶಿ ವರದಿ, 4 ನಿಮಿಷ.
7.44 – ಅತಿಥಿ ಪರಿಚಯ, ಒಂದೂವರೆ ನಿಮಿಷ.
7.46 – ಅತಿಥಿಯ ಮಾತು.
8.08 – ಪ್ರಶ್ನೋತ್ತರ.
8.18 – ಸ್ಮರಣಿಕೆ, ವಂದನಾರ್ಪಣೆ.
8.22 – ಹುಟ್ಟುಹಬ್ಬ, ಮುಂದಿನ ವಾರದ ಪ್ರಕಟಣೆ.
8.27 – ರಾಷ್ಟ್ರಗೀತೆ, ಮುಕ್ತಾಯದ ಗಂಟೆ.

ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡ್. ನಾಡಗೀತೆಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ್ದು 2 ನಿಮಿಷ 30 ಸೆಕೆಂಡ್. ಹಾಡುವವರು ಬಂದಿಲ್ಲವೆಂದು ಕಾಯುವ ಬದಲು ಎರಡರ ಧ್ವನಿಮುದ್ರಣವೂ ಪೆನ್‌ಡ್ರೈವಿನಲ್ಲಿರಲಿ.

ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವಗಳನ್ನು ಅತಿಥಿಯ ಮಾತಿನ ನಂತರಕ್ಕೆ ಇಟ್ಟದ್ದನ್ನು ಹಳಬರು ಒಪ್ಪಲಿಕ್ಕಿಲ್ಲ. ಆದರೆ ಗುಲಾಬಿ ಕೊಟ್ಟು ಫೋಟೊ ತೆಗೆಯುವ ಮೂರು ನಿಮಿಷ ಯಾವಾಗಲೂ ಒಂಬತ್ತಾಗುತ್ತದೆ, ಹಿಂದಿಟ್ಟರೆ ಅದು ತಿನ್ನುವುದು ಊಟದ ಸಮಯವನ್ನು.

ಪರಿಚಯ ಮಾಡುವವರು ಅತಿಥಿಯ ಬಯೊಡೇಟಾ ಓದಬಾರದು. ಟೈಪ್ ಮಾಡಿದ ಪೂರ್ತಿ ಪುಟ ಓದಲು ಎರಡು ಮೂರು ನಿಮಿಷ ಹಿಡಿಯುತ್ತದೆ, ಪ್ರೌಢಶಾಲೆಯ ಹೆಸರು ಯಾರಿಗೂ ಬೇಡ. ಹೆಸರು, ಈಗಿನ ಕೆಲಸ, ಈ ವಿಷಯ ಮಾತನಾಡಲು ಇವರೇ ಯಾಕೆ ಎಂಬ ಎರಡು ವಾಕ್ಯ, ಅಷ್ಟು. ಹೆಸರಿನ ಉಚ್ಚಾರವನ್ನು ಚಹಾದ ಹೊತ್ತಿನಲ್ಲಿ ಅವರಿಂದಲೇ ಕೇಳಿ ಖಚಿತ ಮಾಡಿಕೊಳ್ಳಿ.

ಮುಂದಿನ ಸಾಲಿನಲ್ಲಿ ಸಾರ್ಜೆಂಟ್ (ಸಭೆಯ ಶಿಸ್ತು ನೋಡಿಕೊಳ್ಳುವ ಸದಸ್ಯರು) ಕೂತು ‘5’ ಮತ್ತು ‘1’ ಎಂದು ದೊಡ್ಡದಾಗಿ ಬರೆದ ಎರಡು ರಟ್ಟು ಇಟ್ಟುಕೊಳ್ಳಲಿ. ರಟ್ಟು ತೋರಿಸುವುದನ್ನು ಅತಿಥಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಅವಮಾನವೆನಿಸುತ್ತದೆ. ಎರಡಕ್ಕೂ ಜಗ್ಗದವರು ಇರುತ್ತಾರೆ. ಆಗ ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಲ್ಲಲಿ, ಏನೂ ಹೇಳಬೇಕಿಲ್ಲ. ಆಗಲೂ ನಿಲ್ಲಿಸದಿದ್ದರೆ ಮುಂದಿನ ಉಸಿರಿನಲ್ಲಿ, ‘ಸರ್, ಇದರ ಬಗ್ಗೆ ನಮ್ಮವರಿಗೆ ಪ್ರಶ್ನೆಗಳಿವೆ’ ಎನ್ನಿ.

ಪ್ರಶ್ನೆಯ ಹೊತ್ತು ಮೌನದಿಂದಲೋ ಭಾಷಣದಿಂದಲೋ ಕೆಡುತ್ತದೆ. ಮೌನಕ್ಕೆ ಮದ್ದು, ಮೊದಲ ಪ್ರಶ್ನೆಯನ್ನು ಒಬ್ಬ ಸದಸ್ಯರಿಗೆ ಮುಂಚೆಯೇ ವಹಿಸಿಡುವುದು. ಪ್ರಶ್ನೆ ಎಂದು ಎದ್ದು ತಮ್ಮದೇ ಉಪನ್ಯಾಸ ಶುರುಮಾಡುವವರಿಗೆ ಮೈಕ್ ಕೈಗೆ ಕೊಡದೆ ಸಾರ್ಜೆಂಟ್ ಹಿಡಿದುಕೊಂಡೇ ಇರುವುದು ಉಪಾಯ. ವೈದ್ಯರು ಬಂದ ದಿನ ಯಾರಾದರೂ ರಿಪೋರ್ಟ್ ಫೈಲ್ ತೆಗೆದೇ ತೆಗೆಯುತ್ತಾರೆ. ‘ಸ್ವಂತ ಕಾಯಿಲೆಯ ಪ್ರಶ್ನೆ ಬೇಡ’ ಎಂದು ಮೊದಲೇ ಪ್ರಕಟಿಸಿ.

ಅತಿಥಿ ಮುಗಿಸಿದ ಮೇಲೆ ಅಧ್ಯಕ್ಷೀಯ ಭಾಷಣ ಬೇಡ. ಕೇಳಿದ್ದನ್ನೇ ಇನ್ನೊಬ್ಬರು ಸಾರಾಂಶ ಮಾಡಿದರೆ ಹೊಸದೇನೂ ಸೇರುವುದಿಲ್ಲ. ವಂದನಾರ್ಪಣೆಯವರೂ ಅತಿಥಿಯ ಮಾತಿನಲ್ಲಿ ತಮಗೆ ತಾಗಿದ ಒಂದೇ ಅಂಶ ಎತ್ತಿ ಹೇಳಿ ಕುಳಿತುಕೊಳ್ಳಲಿ. ಸ್ಮರಣಿಕೆಯಾಗಿ ಒಂದು ಕನ್ನಡ ಪುಸ್ತಕ ಕೊಡಿ. ಸರ್ಕಾರಿ ಸಮಾರಂಭಗಳಲ್ಲೇ 2021ರಿಂದ ಹಾರ-ತುರಾಯಿ ಬಿಟ್ಟು ಪುಸ್ತಕ ಕೊಡಿ ಎಂಬ ಸೂಚನೆ ಇದೆ. ಕ್ಲಬ್ಬಿನ ಹೆಸರು ಕೊರೆದ ಗಾಜಿನ ಫಲಕಗಳು ಅತಿಥಿಗಳ ಮನೆಯ ಅಟ್ಟದಲ್ಲಿ ಬೇಕಾದಷ್ಟಿವೆ.

ಸಭೆ ಮುಗಿದ ಮೇಲೆ

ಊಟಕ್ಕೆ ಅತಿಥಿಯ ಚಾಲಕರನ್ನೂ ಕರೆಯಿರಿ, ಇದು ತಪ್ಪಿಹೋಗುವುದೇ ಹೆಚ್ಚು. ರಾತ್ರಿ ಒಬ್ಬರೇ ಹೋಗಬೇಕಾದ ಮಹಿಳೆಯರಿಗೆ, ಹಿರಿಯರಿಗೆ ಮನೆವರೆಗೆ ವಾಹನ ಮಾಡಿ. ದಿನಗೂಲಿಯವರೋ ಸ್ವಂತ ಕಸುಬಿನವರೋ ಬಂದಿದ್ದರೆ ಹೋಗಿಬರುವ ಖರ್ಚನ್ನು ಲಕೋಟೆಯಲ್ಲಿ, ವೇದಿಕೆಯಿಂದಾಚೆ ಕೊಡಿ. ಕ್ಲಬ್ಬಿನ ಬಜೆಟ್ಟಿನಲ್ಲಿ ಇದಕ್ಕೊಂದು ಬಾಬ್ತು ಇರಬೇಕು.

ಮೂರು ದಿನದೊಳಗೆ ಎರಡು ಫೋಟೊ ಜೊತೆ ಧನ್ಯವಾದ ಪತ್ರ ಹೋಗಲಿ. ಅಧಿಕಾರಿಗಳು ಅದನ್ನು ತಮ್ಮ ವರದಿಗೆ ಲಗತ್ತಿಸಿಕೊಳ್ಳುತ್ತಾರೆ, ಆದ್ದರಿಂದ ದಿನಾಂಕ, ವಿಷಯ, ಹಾಜರಾದವರ ಸಂಖ್ಯೆ ಅದರಲ್ಲಿರಲಿ. ಹಾಗೆಯೇ ಒಂದು ನೋಟ್‌ಬುಕ್‌ನಲ್ಲಿ ಅತಿಥಿಯ ಹೆಸರು, ಫೋನು, ವಿಷಯ, ಎಷ್ಟು ನಿಮಿಷ ಮಾತಾಡಿದರು, ಎಷ್ಟು ಪ್ರಶ್ನೆ ಬಂದವು, ಮತ್ತೆ ಕರೆಯಬಹುದೇ ಎಂದು ಬರೆದಿಡಿ. ಈ ನೋಟ್‌ಬುಕ್ ಮೇ ಮೊದಲ ವಾರದಲ್ಲೇ ಮುಂದಿನ ವರ್ಷದ ಸಂಚಾಲಕರ ಕೈ ಸೇರಬೇಕು. ಜುಲೈನಲ್ಲಿ ಪದಗ್ರಹಣದ ದಿನ ಹಸ್ತಾಂತರಿಸಿದರೆ ಅವರ ಮೊದಲ ಎರಡು ತಿಂಗಳಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.